ಗೂಡಿನ ಲಾಟು ಕಣ್ಣಿಗೆ ಬೀಳುತ್ತದೆ, ಹೆಂಡತಿಯ ಮುಖ ಯಾಕೆ ಬೀಳುವುದಿಲ್ಲ?

ಪ್ರಶ್ನೆ: ನಾನು ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲರ್, ಗೂಡಿನಿಂದ ನೂಲು ತೆಗೆಯುವ ಕೆಲಸ. ವಯಸ್ಸು 38, ಮದುವೆಯಾಗಿ 11 ವರ್ಷ. ಹೋದ ತಿಂಗಳು ನಮ್ಮ ಮಾವ, ಹೆಂಡತಿಯ ಅಪ್ಪ, ತೀರಿಕೊಂಡರು. ಹನ್ನೊಂದನೇ ದಿನದ ತಿಥಿ ಮುಗಿಸಿ ಬಂದ ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಕರೆಂಟ್ ಬಿಲ್ ಕಟ್ಟಿದೆಯಾ ಅಂತ ಕೇಳಿದೆ. ಅವಳು ತಟ್ಟೆ ಬಿಟ್ಟು ಎದ್ದು ಹೋದಳು. ಅರ್ಧ ಗಂಟೆಯಿಂದ ಅಳು ನುಂಗಿಕೊಂಡು ಕೂತಿದ್ದಳು ಅಂತ ಆಮೇಲೆ ಅಮ್ಮ ಹೇಳಿದರು. ನಾನು ಎದುರಿಗೇ ಕೂತಿದ್ದೆ. ನಿಜವಾಗಿ ನನಗೆ ಕಾಣಿಸಲಿಲ್ಲ. 'ನಿಮ್ಮದು ಕಲ್ಲು ಹೃದಯ' ಅಂತಾಳೆ. ನನಗೆ ನನ್ನದೇ ಏನಾಗುತ್ತಿದೆ ಅಂತ ಗೊತ್ತಾಗುವುದಿಲ್ಲ. ಎದೆ ಬಿಗಿಯುತ್ತದೆ, ಹೊಟ್ಟೆ ತೊಳಸುತ್ತದೆ. ಇಸಿಜಿ, ಎಂಡೋಸ್ಕೋಪಿ ಎಲ್ಲ ನಾರ್ಮಲ್. ತನ್ನ ಭಾವನೆ ಗುರುತು ಹಿಡಿಯಲು ಆಗದವರಿಗೆ ಬೇರೆಯವರ ಮುಖವೂ ತಾನಾಗಿ ತಿಳಿಯುವುದಿಲ್ಲ ಎಂದು ಎಲ್ಲೋ ಓದಿದೆ. ನಿಜವೇ? ಇದು ಕಾಯಿಲೆಯೇ? ಸರಿಹೋಗುತ್ತದೆಯೇ? ಏಳು ವರ್ಷದ ಮಗನಿಗೂ ಬರುತ್ತದೆಯೇ?

ಉತ್ತರ: ನಿಮ್ಮ ಪತ್ರ ಓದುತ್ತಾ ನಾನು ಪೆನ್ನಲ್ಲಿ ಗೆರೆ ಎಳೆದಿದ್ದು ಎಂಡೋಸ್ಕೋಪಿ ಅನ್ನುವ ಪದದ ಕೆಳಗೆ. ಕರೆಂಟ್ ಬಿಲ್ಲಿಗೆ ಆಮೇಲೆ ಬರುತ್ತೇನೆ.

ಚಿಕ್ಕಬಳ್ಳಾಪುರದಲ್ಲಿ ಮನಃಶಾಸ್ತ್ರಜ್ಞೆಯಾಗಿ ಕೂತಿರುವ ನಾನು ಈ ಕತೆಯನ್ನು ವಾರಕ್ಕೆ ನಾಲ್ಕು ಸಲವಾದರೂ ಕೇಳುತ್ತೇನೆ. 'ನನಗೆ ದುಃಖವಾಗಿದೆ' ಎಂದು ಹೇಳಿಕೊಂಡು ಬಾಗಿಲು ತೆಗೆಯುವವರು ಕಡಿಮೆ. ಕವರಿನ ತುಂಬಾ ಸ್ಕ್ಯಾನು, ರಕ್ತಪರೀಕ್ಷೆ ತಂದು ಮೇಜಿನ ಮೇಲೆ ಇಡುವವರೇ ಜಾಸ್ತಿ. ನೀವು ಇಸಿಜಿ ಮಾಡಿಸಿದ್ದು ಸರಿಯಾದ ಕೆಲಸ. ಎದೆ ಬಿಗಿದರೆ ಮೊದಲು ಹೃದಯವನ್ನೇ ನೋಡಬೇಕು, 'ಎಲ್ಲ ಟೆನ್ಶನ್' ಎಂದುಕೊಂಡು ಸುಮ್ನೆ ಕೂರಬಾರದು. ಆದರೆ ರಿಪೋರ್ಟುಗಳೆಲ್ಲ ನಾರ್ಮಲ್ ಎಂದ ಮೇಲೂ ಎದೆ ಬಿಗಿಯುತ್ತಿದ್ದರೆ ಇನ್ನೊಂದು ಕಡೆಯಿಂದಲೂ ನೋಡಬೇಕಾಗುತ್ತದೆ. ನಿಮ್ಮ ಮಾವ ತೀರಿಕೊಂಡಿದ್ದನ್ನು ನೀವು ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ಆ ಹನ್ನೊಂದು ದಿನ ನಿಮಗೆ ಏನನ್ನಿಸಿತು ಎಂದು ಒಂದು ಪದವೂ ಇಲ್ಲ. ಬೇಕಂತಲೇ ಬಿಟ್ಟಿದ್ದಲ್ಲ, ಬರೆಯಲು ಪದ ಸಿಕ್ಕಿಲ್ಲ ಅಷ್ಟೇ ಅಂತ ನನ್ನ ಊಹೆ.

ಇದಕ್ಕೆ ಒಂದು ಹೆಸರಿದೆ: ಅಲೆಕ್ಸಿಥೈಮಿಯಾ. ಗ್ರೀಕ್ ಪದಗಳಿಂದ ಕಟ್ಟಿದ್ದು. ಭಾವನೆಗೆ ಪದವಿಲ್ಲದಿರುವುದು ಎಂದು ಅರ್ಥ. ಬೋಸ್ಟನ್ನಿನ ಮನೋವೈದ್ಯ ಪೀಟರ್ ಸಿಫ್ನಿಯೋಸ್ 1970ರ ದಶಕದ ಆರಂಭದಲ್ಲಿ ಈ ಹೆಸರಿಟ್ಟರು. ಒತ್ತಡದಿಂದ ಮೈ ಕಾಯಿಲೆ ಜಾಸ್ತಿಯಾಗುವ ರೋಗಿಗಳನ್ನು ಅವರು ನೋಡುತ್ತಿದ್ದರು. 'ಏನನ್ನಿಸುತ್ತದೆ?' ಎಂದು ಕೇಳಿದರೆ ಆ ರೋಗಿಗಳು ನಡೆದ ಸಂಗತಿಯನ್ನು ಚಾಚೂ ತಪ್ಪದೆ ಹೇಳುತ್ತಿದ್ದರು, ಎಲ್ಲಿ ನೋಯುತ್ತದೆ ಎಂದೂ ಹೇಳುತ್ತಿದ್ದರು. ಅನ್ನಿಸಿದ್ದನ್ನು ಮಾತ್ರ ಹೇಳುತ್ತಿರಲಿಲ್ಲ. ನಿಮ್ಮ ಪತ್ರದ ಹಾಗೆಯೇ, ಅಲ್ವಾ?

ಇದನ್ನು ಅಳೆಯಲು ಈಗ ಹೆಚ್ಚಾಗಿ ಬಳಸುವುದು 1994ರಲ್ಲಿ ಬಂದ ಟೊರೊಂಟೊ ಪ್ರಶ್ನಾವಳಿಯನ್ನು. 20 ಪ್ರಶ್ನೆ, ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. 61 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅಲೆಕ್ಸಿಥೈಮಿಯಾ ಇದೆ ಎನ್ನುತ್ತಾರೆ. ಅದರೊಳಗೆ ಮೂರು ಎಳೆಗಳಿವೆ. ಭಾವನೆ ಗುರುತು ಹಿಡಿಯುವ ಕಷ್ಟ, ಅದನ್ನು ಇನ್ನೊಬ್ಬರಿಗೆ ಹೇಳುವ ಕಷ್ಟ, ಮತ್ತೆ ಸದಾ ಹೊರಗಿನ ಕೆಲಸ-ಕಾರ್ಯದ ಕಡೆಗೇ ಮನಸ್ಸು ತಿರುಗಿರುವುದು. ನಿಮ್ಮ ಪ್ರಶ್ನೆಗೆ ಮುಖ್ಯವಾದದ್ದು ಮೊದಲನೆಯದು. ಕಾಯಿಲೆಯೇ ಎಂದು ಕೇಳಿದ್ದೀರಿ. ಅಲ್ಲ. ವೈದ್ಯರ ಕಾಯಿಲೆ ಪಟ್ಟಿಗಳಲ್ಲಿ ಇದು ಇಲ್ಲ. ಎತ್ತರ, ಸಿಟ್ಟಿನ ಸ್ವಭಾವ ಇವೆಲ್ಲ ಒಬ್ಬೊಬ್ಬರಲ್ಲಿ ಒಂದೊಂದು ಮಟ್ಟದಲ್ಲಿ ಇರುವ ಹಾಗೆ ಇದೂ ಒಂದು ಗುಣ. ಹತ್ತರಲ್ಲಿ ಒಬ್ಬರಿಗೆ ಜಾಸ್ತಿ ಮಟ್ಟದಲ್ಲಿ ಇರುತ್ತದೆ ಎನ್ನುವುದು ಸಾಮಾನ್ಯ ಅಂದಾಜು.

ಈಗ ಮುಖದ ವಿಷಯ.

ನೀವು ಗೂಡು ಮಾರ್ಕೆಟ್ಟಿಗೆ ಹೋಗುತ್ತೀರಿ. ರೈತರು ಸುರಿದಿಟ್ಟ ಗೂಡಿನ ರಾಶಿ, ಅಂದರೆ ಲಾಟಿನ ಮುಂದೆ ನಿಲ್ಲುತ್ತೀರಿ. ಒಂದು ಹಿಡಿ ಗೂಡು ಎತ್ತಿ, ಹೆಬ್ಬೆರಳಲ್ಲಿ ಒತ್ತಿ, ಕಿವಿ ಹತ್ತಿರ ಒಂದನ್ನು ಅಲ್ಲಾಡಿಸಿ ಕೆಳಗೆ ಹಾಕುತ್ತೀರಿ. ಎಷ್ಟು ಹೊತ್ತು? ನಾಲ್ಕೈದು ಸೆಕೆಂಡ್. ಅಷ್ಟರಲ್ಲಿ ಈ ಲಾಟಿನಲ್ಲಿ ಎಷ್ಟು ಕೆಜಿ ಗೂಡಿಗೆ ಒಂದು ಕೆಜಿ ನೂಲು ಬರುತ್ತದೆ, ಎಲ್ಲಿಯವರೆಗೆ ಬಿಡ್ ಏರಿಸಬಹುದು ಎಂದು ಒಳಗೇ ತೀರ್ಮಾನ ಆಗಿರುತ್ತದೆ. ಹೇಗೆ ಗೊತ್ತಾಯಿತು ಎಂದು ಕೇಳಿದರೆ ನೀವು ಆಮೇಲೆ ಯೋಚಿಸಿ ಕಾರಣ ಹೇಳಬಹುದು. ಆದರೆ ಗೊತ್ತಾಗಿದ್ದು ಮೊದಲು, ಕಾರಣ ಆಮೇಲೆ. ತಾನಾಗಿ ನಡೆಯುವ ಗ್ರಹಿಕೆ ಅಂದರೆ ಇದೇ. ಪ್ರಯತ್ನ ಬೇಡ, ತಡೆಯಲೂ ಆಗುವುದಿಲ್ಲ.

ಮುಖದ ವಿಷಯದಲ್ಲೂ ಇಂಥದ್ದೇ ಒಂದು ವೇಗದ ಗ್ರಹಿಕೆ ಎಲ್ಲರಲ್ಲೂ ಇರುತ್ತದೆ. ಎಷ್ಟು ವೇಗ ಎಂದರೆ ನಂಬುವುದು ಕಷ್ಟ. 1993ರಲ್ಲಿ ಶೀಲಾ ಮರ್ಫಿ ಮತ್ತು ರಾಬರ್ಟ್ ಝಾಯೊನ್ಸ್ ಎಂಬ ಅಮೆರಿಕದ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಚೀನೀ ಲಿಪಿ ಗೊತ್ತಿಲ್ಲದವರಿಗೆ ಚೀನೀ ಅಕ್ಷರ ತೋರಿಸಿ, ಇದು ನಿಮಗೆ ಎಷ್ಟು ಇಷ್ಟವಾಯಿತು ಎಂದು ಕೇಳಿದರು. ಅಕ್ಷರಕ್ಕೆ ಮುಂಚೆ ಒಂದು ಮುಖವನ್ನು ಬರೀ 4 ಮಿಲಿಸೆಕೆಂಡ್ ಮಿಂಚಿಸಿದ್ದರು. ಸೆಕೆಂಡಿನ ಇನ್ನೂರೈವತ್ತನೇ ಒಂದು ಭಾಗ. ಮುಖ ಬಂದು ಹೋಗಿದ್ದು ಯಾರಿಗೂ ಗೊತ್ತಾಗಲಿಲ್ಲ. ಆದರೂ ನಗುವ ಮುಖದ ಹಿಂದೆ ಬಂದ ಅಕ್ಷರ ಜಾಸ್ತಿ ಇಷ್ಟವಾಯಿತು, ಸಿಟ್ಟಿನ ಮುಖದ ಹಿಂದೆ ಬಂದದ್ದು ಕಡಿಮೆ. ತಮಾಷೆ ಏನೆಂದರೆ, ಅದೇ ಮುಖವನ್ನು ಒಂದು ಸೆಕೆಂಡ್ ಚೆನ್ನಾಗಿ ತೋರಿಸಿದಾಗ ಈ ಪ್ರಭಾವ ಹೊರಟುಹೋಯಿತು. ಕಂಡ ಮುಖವನ್ನು ಬುದ್ಧಿ ಬೇರೆ ಇಡುತ್ತದೆ. ಕಾಣದ ಮುಖ ಒಳಗೆ ಸೇರಿಕೊಂಡುಬಿಡುತ್ತದೆ.

ಇದು ಬರೀ ಮಿದುಳಿನ ಆಟವೂ ಅಲ್ಲ. ಸ್ವೀಡನ್ನಿನ ಉಲ್ಫ್ ಡಿಂಬರ್ಗ್ ಮತ್ತು ಜೊತೆಗಾರರು 2000ದಲ್ಲಿ ತೋರಿಸಿದ ಹಾಗೆ, ಅರಿವಿಗೇ ಬಾರದಷ್ಟು ಚಿಕ್ಕದಾಗಿ ನಗುವ ಮುಖ ತೋರಿಸಿದರೂ ನೋಡುವವರ ಕೆನ್ನೆಯ ಸ್ನಾಯು ಸಣ್ಣಗೆ ಮಿಸುಕುತ್ತದೆ. ಸಿಟ್ಟಿನ ಮುಖಕ್ಕೆ ಹುಬ್ಬಿನ ಸ್ನಾಯು. ಅಂದರೆ ಎದುರಿನವರ ಮುಖ ನಮ್ಮ ಮೈಗೆ ಮೊದಲು ತಾಗುತ್ತದೆ. ಸಾವಿನ ಮನೆಗೆ ಹೋದವರ ದನಿ ಯಾರೂ ಹೇಳದೆಯೇ ತಗ್ಗುವುದೂ ಸುಮಾರು ಹೀಗೆಯೇ ಅಂತ ನನಗನ್ನಿಸುತ್ತದೆ.

ನೀವು ಓದಿದ್ದು ನಿಜವೇ ಎಂಬ ಪ್ರಶ್ನೆಗೆ ಈಗ ಬರೋಣ. ಜರ್ಮನಿಯ ಥಾಮಸ್ ಸುಸ್ಲೊ ಮತ್ತು ಅವರ ಜೊತೆಗಾರರು ಇದನ್ನೇ ವರ್ಷಾನುಗಟ್ಟಲೆ ಹಿಡಿದು ಕೂತವರು. ಅವರ ತಂಡ 2008ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಆರೋಗ್ಯವಂತರನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ದುಃಖದ ಮುಖ, ಸಂತೋಷದ ಮುಖ ಇವನ್ನು ಕ್ಷಣಮಾತ್ರ ತೋರಿಸಿ, ತಕ್ಷಣ ಅದರ ಮೇಲೆ ಭಾವವಿಲ್ಲದ ಮುಖ ಮುಚ್ಚಿದರು. ಮೊದಲ ಮುಖ ಅರಿವಿಗೆ ಬರುವುದಿಲ್ಲ. ಮಿದುಳಿನ ಒಳಗೆ ಅಮಿಗ್ಡಲಾ ಎಂಬ ಬಾದಾಮಿಯಷ್ಟು ಭಾಗವಿದೆ. ಇಂಥ ಸುಳಿವುಗಳಿಗೆ ಅದು ಬೇಗ ಎಚ್ಚರಗೊಳ್ಳುತ್ತದೆ. ತಮ್ಮ ಭಾವನೆ ಗುರುತು ಹಿಡಿಯುವುದು ಕಷ್ಟ ಎಂದು ಪ್ರಶ್ನಾವಳಿಯಲ್ಲಿ ಹೇಳಿದವರಲ್ಲಿ, ಮುಚ್ಚಿಟ್ಟ ದುಃಖದ ಮುಖಕ್ಕೆ ಬಲಗಡೆಯ ಅಮಿಗ್ಡಲಾ ಕಡಿಮೆ ಎಚ್ಚರಗೊಂಡಿತು. ಕಷ್ಟ ಹೆಚ್ಚಿದ್ದಷ್ಟೂ ಎಚ್ಚರ ಕಡಿಮೆ. ಖಿನ್ನತೆ, ಆತಂಕದ ಪಾಲನ್ನು ಲೆಕ್ಕದಿಂದ ತೆಗೆದ ಮೇಲೂ ಈ ನಂಟು ಉಳಿಯಿತು.

ಅದರಲ್ಲೂ ದುಃಖದ ಮುಖ. ಸಿಟ್ಟು ಗದ್ದಲ ಮಾಡುತ್ತದೆ, ಪಾತ್ರೆ ಸದ್ದಾಗುತ್ತದೆ. ದುಃಖ ಹಾಗಲ್ಲ. ಕಣ್ಣು ಸ್ವಲ್ಪ ಕೆಳಗೆ, ತುಟಿ ಸ್ವಲ್ಪ ಬಿಗಿ, ಅನ್ನ ಕಲೆಸುವ ಕೈ ನಿಧಾನ. ನಿಮ್ಮ ಹೆಂಡತಿ ಅರ್ಧ ಗಂಟೆ ತೋರಿಸಿದ್ದು ಇಷ್ಟೇ ಇರಬೇಕು.

ಇನ್ನೂ ಒಂದು ಪ್ರಯೋಗ ನಿಮ್ಮ ಆ ರಾತ್ರಿಗೆ ಸರಿಯಾಗಿ ಹೊಂದುತ್ತದೆ. ಇದೂ ಸುಸ್ಲೊ ಅವರದೇ, 2002ರದ್ದು. ಮೊದಲು ಒಂದು ಸನ್ನಿವೇಶದ ವಾಕ್ಯ ಓದಿಸುತ್ತಾರೆ, ಹತ್ತಿರದವರು ಯಾರೋ ದೂರವಾದರು ಅನ್ನುವಂಥದ್ದು ಅಂದುಕೊಳ್ಳಿ. ಆಮೇಲೆ ಒಂದು ಪದ ತೋರಿಸುತ್ತಾರೆ. ಸಾಮಾನ್ಯವಾಗಿ ಆ ವಾಕ್ಯ ಓದಿದವರಿಗೆ 'ದುಃಖ' ಎಂಬ ಪದ ಬೇಗ ಹೊಳೆಯುತ್ತದೆ. ಸನ್ನಿವೇಶವೇ ಒಲೆ ಹಚ್ಚಿ ನೀರು ಬಿಸಿ ಮಾಡಿ ಇಟ್ಟಿರುತ್ತದೆ. ಅಲೆಕ್ಸಿಥೈಮಿಯಾ ಜಾಸ್ತಿ ಇದ್ದವರಿಗೆ ಈ ಸಹಾಯ ಸಿಗಲಿಲ್ಲ. ಈಗ ನಿಮ್ಮ ಮನೆ ನೋಡಿ. ತಿಥಿ ಮುಗಿದ ದಿನ. ಬೇರೆಯವರಾಗಿದ್ದರೆ ಆ ದಿನವೇ ಅವರ ಕಣ್ಣನ್ನು ಅಳುವಿಗಾಗಿ ತಯಾರು ಮಾಡಿಟ್ಟಿರುತ್ತಿತ್ತು. ಹೆಂಡತಿ ಕೈ ನಿಧಾನವಾದ ಕೂಡಲೇ ಅದಕ್ಕೆ ಅರ್ಥ ಹುಟ್ಟುತ್ತಿತ್ತು. ನಿಮಗೆ ಊಟ ಅಂದರೆ ಊಟ, ಬಿಲ್ ಅಂದರೆ ಬಿಲ್. ಬಿಲ್ಲಿನ ಕೊನೇ ದಿನಾಂಕ ಕೂಡ ಹತ್ತಿರ ಇತ್ತೇನೋ!

ಇಲ್ಲಿ ಎರಡು ಎಚ್ಚರಿಕೆ ಹೇಳಲೇಬೇಕು. ಸ್ಕ್ಯಾನರ್ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಇರುವುದು ಹತ್ತಾರು ಜನ. ಗುಂಪಿನಲ್ಲಿ ಕಂಡ ನಂಟನ್ನು ಶಿಡ್ಲಘಟ್ಟದ ಒಬ್ಬ ವ್ಯಕ್ತಿಯ ತಲೆಯೊಳಗೆ ಹೀಗೇ ಇದೆ ಎಂದು ಹೇಳಲು ಬಳಸಬಾರದು, ನಾನೂ ಹೇಳುತ್ತಿಲ್ಲ. ಎರಡನೆಯದು, ಅಮಿಗ್ಡಲಾ ಪ್ರೀತಿಯ ಮೀಟರ್ ಅಲ್ಲ. ಅದು ಕಡಿಮೆ ಮಿನುಗಿತು ಎಂದರೆ ಆ ಮನುಷ್ಯನಿಗೆ ಹೆಂಡತಿ ಮೇಲೆ ಕಾಳಜಿ ಕಡಿಮೆ ಎಂದಲ್ಲ. ಹಿಡಿಯಲಾಗದಿರುವುದು ಬೇರೆ, ಬೇಡವೆನ್ನುವುದು ಬೇರೆ. ಕಲ್ಲು ಹೃದಯದ ಮಾತು ಇಲ್ಲೇ ತಪ್ಪುತ್ತದೆ.

ಯಾಕೆ ಹೀಗಾಗುತ್ತದೆ? ಹೆಚ್ಚು ಒಪ್ಪಿಗೆ ಇರುವ ವಿವರಣೆ ಮೈ ಕಡೆಗೆ ತೋರಿಸುತ್ತದೆ. ಎದೆ ಬಡಿತ, ಹೊಟ್ಟೆಯ ಹಿಡಿತ, ಗಂಟಲ ಗಂಟು ಇವುಗಳ ವರದಿ ಮಿದುಳಿನ ಇನ್ಸುಲಾ ಎಂಬ ಭಾಗಕ್ಕೆ ಬರುತ್ತದೆ. ಈ ವರದಿ ಓದಿಯೇ ನಾವು 'ಓ, ನನಗೆ ಭಯ' ಎಂದುಕೊಳ್ಳುತ್ತೇವೆ. ನಾಡಿ ಮುಟ್ಟದೆ ತಮ್ಮ ಎದೆ ಬಡಿತ ಎಣಿಸಿ ಎಂದರೆ, ಅಲೆಕ್ಸಿಥೈಮಿಯಾ ಜಾಸ್ತಿ ಇದ್ದವರು ಹೆಚ್ಚು ತಪ್ಪುತ್ತಾರೆ ಎಂದು ಕೆಲವು ಅಧ್ಯಯನಗಳು ಹೇಳಿವೆ. ವರದಿ ಮಸುಕಾಗಿ ಬಂದರೆ ಏನಾಗುತ್ತದೆ? ಭಯವೋ ದುಃಖವೋ ತಿಳಿಯುವುದಿಲ್ಲ, 'ಎದೆ ಬಿಗಿಯುತ್ತದೆ' ಎಂಬುದಷ್ಟೇ ಉಳಿಯುತ್ತದೆ. ಬೇರೆಯವರ ಮುಖ ನಮ್ಮ ಮೈಗೆ ತಾಗಿದಾಗಲೂ ಅದೇ ಮಸುಕು ವರದಿ. ನಿಮ್ಮ ಎಂಡೋಸ್ಕೋಪಿಗೂ ಕರೆಂಟ್ ಬಿಲ್ಲಿಗೂ ನಂಟು ಇರುವುದು ಇಲ್ಲಿ.

ಒಂದು ಮಾತು ನಡುವೆ. ಆಟಿಸಂ (ಬೇರೆಯವರ ಜೊತೆ ಬೆರೆಯುವ, ಮಾತಾಡುವ ರೀತಿ ಚಿಕ್ಕಂದಿನಿಂದಲೇ ಬೇರೆಯಾಗಿರುವ ಸ್ಥಿತಿ) ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅಲೆಕ್ಸಿಥೈಮಿಯಾ ಇರುತ್ತದೆ. ಅವರಿಗೆ ಮುಖದ ಭಾವ ತಿಳಿಯುವ ಕಷ್ಟ ಬರುವುದು ಆಟಿಸಂನಿಂದಲ್ಲ, ಈ ಅಲೆಕ್ಸಿಥೈಮಿಯಾದಿಂದ ಎಂದು ಜೆಫ್ ಬರ್ಡ್, ರಿಚರ್ಡ್ ಕುಕ್ ಮುಂತಾದ ಸಂಶೋಧಕರು ವಾದಿಸಿದ್ದಾರೆ. ಆದರೆ ತಿರುಗಿಸಿ ಹೇಳಬೇಡಿ. ಅಲೆಕ್ಸಿಥೈಮಿಯಾ ಇದ್ದವರಿಗೆಲ್ಲ ಆಟಿಸಂ ಇರುವುದಿಲ್ಲ. ಮೊಬೈಲಿನಲ್ಲಿ ಟೆಸ್ಟ್ ಮಾಡಿಕೊಂಡು ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಸರಿಹೋಗುತ್ತದೆಯೇ? ಇಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದಿರುವುದು 2005ರ ಒಂದು ಅಧ್ಯಯನ. ಅಲೆಕ್ಸಿಥೈಮಿಯಾ ಇರುವವರಿಗೆ ಮುಖಗಳನ್ನು ಬೇಗ ಬೇಗ ತೋರಿಸಿದಾಗ ಸಿಟ್ಟು, ದುಃಖ, ಭಯ ಹಿಡಿಯುವುದರಲ್ಲಿ ಹಿಂದೆ ಬಿದ್ದರು. ನಿಧಾನವಾಗಿ ತೋರಿಸಿದಾಗ ಆ ವ್ಯತ್ಯಾಸ ಕಾಣಲಿಲ್ಲ. ಕಣ್ಣು ಕುರುಡಲ್ಲ, ಬೇಗದ ದಾರಿ ಸಣ್ಣದು, ನಿಧಾನದ ದಾರಿ ತೆರೆದೇ ಇದೆ. ನಾನು ನಿಮಗೆ ಹೇಳುವುದೆಲ್ಲ ಆ ನಿಧಾನದ ದಾರಿಯ ವಿಷಯವೇ. ಬೇಗದ ದಾರಿಯನ್ನು ಅಗಲ ಮಾಡಿಕೊಡುತ್ತೇನೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಮೊದಲು ನಿಮ್ಮದೇ ಭಾವನೆಯಿಂದ ಶುರು. ನನ್ನ ಹತ್ತಿರ ಬರುವವರಿಗೆ ಏನನ್ನಿಸುತ್ತಿದೆ ಎಂದು ಕೇಳಿದರೆ ಬರುವ ಉತ್ತರ ಒಂದೇ: 'ಬೇಜಾರು ಮೇಡಂ.' ಈ ಬೇಜಾರು ಒಂದು ಗೋಣಿಚೀಲ. ಬಸ್ ಲೇಟಾದರೆ ಬೇಜಾರು. ಅಪ್ಪ ಸತ್ತರೆ ಬೇಜಾರು. ಭಾನುವಾರ ಮಧ್ಯಾಹ್ನ ಮಾಡಲು ಕೆಲಸವಿಲ್ಲದಿದ್ದರೂ ಬೇಜಾರು. ತಮ್ಮ ಸಾಲ ವಾಪಸ್ ಕೊಡದಿದ್ದರೆ ಅದೂ ಬೇಜಾರೇ. ಸಿಟ್ಟು, ದುಃಖ, ನಾಚಿಕೆ, ಒಂಟಿತನ, ಸುಸ್ತು ಎಲ್ಲವನ್ನೂ ಅದರೊಳಗೆ ತುಂಬಿ ಬಾಯಿ ಕಟ್ಟಿಡುತ್ತೇವೆ. ನಾನು ಮಾಡಿಸುವುದು ಇಷ್ಟೇ, ಚೀಲದ ಬಾಯಿ ಬಿಚ್ಚಿಸುವುದು. ಯಾವ ಬೇಜಾರು? ಯಾರ ಮೇಲಾದರೂ ಇದೆಯಾ? ಇದ್ದರೆ ಅದು ಸಿಟ್ಟಿನ ಕಡೆಯದು. ಏನಾದರೂ ಹೋಯಿತು ಅನ್ನಿಸುತ್ತದೆಯಾ? ಆಗ ದುಃಖದ ಕಡೆಯದು. ಇನ್ನೇನೋ ಆಗಿಬಿಡುತ್ತದೆ ಅನ್ನಿಸುತ್ತದೆಯಾ? ಅದು ಭಯ. ನಾಲ್ಕು ಜನ ಏನಂದಾರು ಅನ್ನಿಸುತ್ತದೆಯಾ? ನಾಚಿಕೆ.

ಮೈಯಿಂದ ಶುರು ಮಾಡಿದರೆ ಇನ್ನೂ ಸುಲಭ, ಯಾಕೆಂದರೆ ನಿಮಗೆ ಮೈ ಗೊತ್ತು. ನಮ್ಮ ಮಾತಿನಲ್ಲಿ ಭಾವನೆ ಇರುವುದೂ ಮೈಯಲ್ಲೇ. ಎದೆ ಝಲ್ ಅನ್ನುವುದು, ಎದೆ ಭಾರವಾಗುವುದು, ಕರುಳು ಚುರ್ರ್ ಅನ್ನುವುದು, ಹೊಟ್ಟೆ ಉರಿಯುವುದು, ಮುಖ ಸಪ್ಪಗಾಗುವುದು, ಕೈಕಾಲು ತಣ್ಣಗಾಗುವುದು. ಇವೆಲ್ಲ ಅಜ್ಜಿಯಂದಿರು ಮಾಡಿಟ್ಟ ಪದಕೋಶ. ಎದೆ ಝಲ್ ಅನ್ನುವುದಕ್ಕೂ ಎದೆ ಭಾರವಾಗುವುದಕ್ಕೂ ಡಾಕ್ಟರ ಚೀಟಿಯಲ್ಲಿ ವ್ಯತ್ಯಾಸ ಇರಲಿಕ್ಕಿಲ್ಲ. ಕನ್ನಡದಲ್ಲಿ ಇದೆ. ಒಂದು ಭಯ, ಇನ್ನೊಂದು ದುಃಖ. ನಿಮ್ಮ ಎದೆ ಬಿಗಿತ ಇವೆರಡರಲ್ಲಿ ಯಾವುದಕ್ಕೆ ಹತ್ತಿರ?

ಲೆಕ್ಕದ ಪುಸ್ತಕ ಇಟ್ಟುಕೊಳ್ಳುವ ಅಭ್ಯಾಸ ನಿಮಗೆ ಇದ್ದೇ ಇರುತ್ತದೆ. ಅದರ ಕೊನೇ ಹಾಳೆಗಳಲ್ಲಿ ಒಂದು ತಿಂಗಳು ಬರೆಯಿರಿ. ಎಷ್ಟು ಗಂಟೆಗೆ ಎದೆ ಬಿಗಿಯಿತು, ಅದಕ್ಕೆ ಹತ್ತು ನಿಮಿಷ ಮುಂಚೆ ಏನಾಯಿತು, ಯಾರಿದ್ದರು, ಒಂದು ಪದ ಇಡುವುದಾದರೆ ಯಾವುದು. ಪದ ತಪ್ಪಾದರೂ ಪರವಾಗಿಲ್ಲ, ಹೊಡೆದುಹಾಕಿ ಇನ್ನೊಂದು ಬರೆಯಿರಿ. ಪದವನ್ನು ಮನೆಮಾತಿನಲ್ಲೇ ಬರೆಯಿರಿ. ನಮ್ಮ ಜಿಲ್ಲೆಯಲ್ಲಿ ಮನೆಯಲ್ಲಿ ತೆಲುಗು ಅಥವಾ ಉರ್ದು, ಸ್ಕೂಲಲ್ಲಿ ಕನ್ನಡ, ಹೀಗೆ ಬೆಳೆದವರೇ ಎಷ್ಟೋ ಜನ. ಅಮ್ಮ ಬೈದ ಭಾಷೆಯಲ್ಲಿ ಸಿಗುವ ಪದ ಬೇರೆ ಭಾಷೆಯಲ್ಲಿ ಸಿಗುವುದಿಲ್ಲ. ಪದ ಇಡುವುದು ಸುಮ್ನೆ ಸಮಾಧಾನದ ಮಾತಲ್ಲ. ಲಾಸ್ ಏಂಜಲೀಸಿನಲ್ಲಿ ಮ್ಯಾಥ್ಯೂ ಲೀಬರ್ಮನ್ ತಂಡ 2007ರಲ್ಲಿ ತೋರಿಸಿದ ಹಾಗೆ, ಸಿಟ್ಟು-ಭಯದ ಮುಖ ನೋಡುತ್ತಾ ಅದಕ್ಕೆ ಸರಿಯಾದ ಪದ ಆರಿಸಿದಾಗ ಅಮಿಗ್ಡಲಾದ ಗಲಾಟೆ ಕಡಿಮೆಯಾಗುತ್ತದೆ. ಮನಃಶಾಸ್ತ್ರಜ್ಞರ ಜೊತೆ ಕೆಲಸ ಮಾಡಿದವರಲ್ಲಿ ಟೊರೊಂಟೊ ಅಂಕ ಇಳಿಯುವುದೂ ಕಂಡಿದೆ. ಪೂರ್ತಿ ಮಾಯವಾಗುವುದಿಲ್ಲ, ಇಳಿಯುತ್ತದೆ.

ಇನ್ನೊಂದು ಸಂಶಯವನ್ನು ಬಗೆಹರಿಸಿಕೊಳ್ಳಬೇಕು. ಖಿನ್ನತೆ ಬಂದಾಗಲೂ ಜನ ಹೀಗೆ ಮರಗಟ್ಟಿದ ಹಾಗೆ ಆಗುತ್ತಾರೆ. ಈ ಕಷ್ಟ ನಿಮಗೆ ಚಿಕ್ಕಂದಿನಿಂದ ಇದೆಯೇ, ಇಲ್ಲಾ ಇತ್ತೀಚಿನದೇ? ಇತ್ತೀಚಿನದಾದರೆ, ನಿದ್ದೆ-ಊಟ ಕೆಟ್ಟಿದ್ದರೆ, ಕುಡಿತ ಹೆಚ್ಚಾಗಿದ್ದರೆ ತಡ ಮಾಡಬೇಡಿ. ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೋಗಿ. ಹೋಗಲು ಮುಜುಗರವಾದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಇರುತ್ತಾರೆ.

ಈಗ ನಿಮ್ಮ ಹೆಂಡತಿ. ಇಲ್ಲಿ ಸ್ವಲ್ಪ ಕಟುವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಈ ಉತ್ತರವನ್ನು ಕತ್ತರಿಸಿಕೊಂಡು ಹೋಗಿ 'ನೋಡು, ನನ್ನ ತಪ್ಪಲ್ಲ, ನನ್ನ ಮಿದುಳೇ ಹೀಗೆ' ಎಂದು ಅವರ ಮುಂದೆ ಇಡಬೇಡಿ. ಅಪ್ಪನನ್ನು ಕಳೆದುಕೊಂಡವರು ಅವರು. ಇಂಥ ಗಂಡಸರ ಹೆಂಡತಿಯರಿಗೆ 'ಬೇಕಾದ್ದನ್ನು ಬಾಯಿಬಿಟ್ಟು ಹೇಳಿ' ಎಂಬ ಸಲಹೆ ಎಲ್ಲರೂ ಕೊಡುತ್ತಾರೆ. ಒಳ್ಳೆಯ ಸಲಹೆಯೇ. ಆದರೆ ಅರ್ಧ ಮಾತ್ರ. ಅಳು ಗಂಟಲಲ್ಲಿ ಇರುವವರು 'ನನಗೀಗ ಅಳು ಬರುತ್ತಿದೆ, ದಯವಿಟ್ಟು ಗಮನಿಸಿ' ಎಂದು ಹೇಳಬೇಕೇ? ಕೇಳುವ ಕೆಲಸ ನಿಮ್ಮದು. ಮುಖ ನೋಡಿ ತಾನಾಗಿ ತಿಳಿಯುವುದಿಲ್ಲ ಎಂದು ಈಗ ನಿಮಗೆ ಗೊತ್ತಾಗಿದೆ. ಹಾಗಾದರೆ ತಿಳಿಯುವವರೆಗೆ ಕಾಯಬೇಡಿ. ದಿನಕ್ಕೆ ಒಂದು ಸಲ, ಊಟಕ್ಕೆ ಮುಂಚೆ, ಮೊಬೈಲು-ಬಿಲ್ಲು-ಗೂಡಿನ ರೇಟು ಬದಿಗಿಟ್ಟು ಹತ್ತು ಸೆಕೆಂಡ್ ಮುಖ ನೋಡಿ. ಲಾಟು ನೋಡುವ ಹಾಗೆ, ಒಂದೊಂದಾಗಿ: ಕಣ್ಣು, ತುಟಿ, ಕೈ. ಆಮೇಲೆ ಕೇಳಿ. 'ಹೇಗಿದ್ದೀಯ' ಬೇಡ, ಅದಕ್ಕೆ 'ಇದ್ದೀನಿ' ಎಂಬ ಉತ್ತರ ಸಿದ್ಧವಾಗಿರುತ್ತದೆ. 'ಇವತ್ತು ಅಪ್ಪನ ನೆನಪು ಬಂತಾ?' ಎಂದು ಕೇಳಿ. ಬಂತು ಎಂದರೆ ಸಮಾಧಾನ ಹೇಳಲು ಹೋಗಬೇಡಿ, ಪಕ್ಕದಲ್ಲಿ ಕೂರಿ. ಮೊದಮೊದಲು ಇದು ನಾಟಕ ಅನ್ನಿಸುತ್ತದೆ, ಅವರಿಗೂ ನಿಮಗೂ. ಗೂಡು ನೋಡುವುದನ್ನು ಕಲಿಯುವಾಗಲೂ ಮೊದಲ ವರ್ಷ ಹಿರಿಯರು ಒತ್ತಿದ ಹಾಗೆ ಒತ್ತಿ ಏನೂ ತಿಳಿಯದೆ ಕೆಳಗೆ ಹಾಕಿರುತ್ತೀರಿ.

ಆ ರಾತ್ರಿಯ ಬಗ್ಗೆ ಒಂದು ಸಲ ನೇರವಾಗಿ ಹೇಳಿಬಿಡಿ. 'ನೀನು ಅಳು ತಡೆದುಕೊಂಡಿದ್ದು ನನಗೆ ಕಾಣಿಸಲಿಲ್ಲ. ಕಂಡಿದ್ದರೆ ಬಿಲ್ ಕೇಳುತ್ತಿರಲಿಲ್ಲ.' ಎರಡೇ ವಾಕ್ಯ. ವಿವರಣೆ ಬೇಡ.

ಮಗನ ವಿಷಯ. ಡೆನ್ಮಾರ್ಕಿನಲ್ಲಿ ಸಾವಿರಾರು ಅವಳಿಗಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಗುಣದಲ್ಲಿ ಜನರ ನಡುವೆ ಇರುವ ವ್ಯತ್ಯಾಸದ ಸುಮಾರು ಮೂರನೇ ಒಂದು ಪಾಲು ವಂಶದಿಂದ ಬರುತ್ತದೆ. ಉಳಿದದ್ದು ಬೆಳೆಯುವ ಪರಿಸರ, ಒಬ್ಬೊಬ್ಬರಿಗೆ ಆಗುವ ಬೇರೆ ಬೇರೆ ಅನುಭವ. ಮಕ್ಕಳಿಗೆ ಭಾವನೆಯ ಪದ ಸಿಗುವುದು ದೊಡ್ಡವರ ಬಾಯಿಂದ. ಗಂಡುಮಕ್ಕಳಿಗೆ ನಾವು ಕೊಡುವುದು ಹೆಚ್ಚಾಗಿ ಒಂದೇ ವಾಕ್ಯ, 'ಗಂಡುಹುಡುಗ ಅಳ್ತಾರೇನೋ.' ಅದರಲ್ಲಿ ಪದವೇ ಇಲ್ಲ. ಮುಂದಿನ ಸಲ ಅವನು ಆಟದಲ್ಲಿ ಸೋತು ಬ್ಯಾಟು ಎಸೆದು ಮೂಲೆಯಲ್ಲಿ ಕೂತಾಗ, 'ಏನಾಯ್ತೋ' ಎಂದಷ್ಟೇ ಕೇಳಿ ಬಿಡಬೇಡಿ. 'ಸಿಟ್ಟು ಬಂತಾ, ಇಲ್ಲಾ ಎಲ್ಲರ ಮುಂದೆ ನಾಚಿಕೆ ಆಯ್ತಾ?' ಎಂದು ಎರಡು ಪದ ಕೊಟ್ಟು ಆರಿಸಿಕೊಳ್ಳಲು ಬಿಡಿ. ಅವನು ಯಾವುದನ್ನು ಆರಿಸಿದ ಎಂದು ನಿಮ್ಮ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದಿಡಿ. ತಿಂಗಳಾದ ಮೇಲೆ ಆ ಹಾಳೆಗಳ ಜೊತೆ ನನಗೆ ಇನ್ನೊಂದು ಪತ್ರ ಹಾಕಿ.